ಕುಳಿತು ತೆಗೆದ ಅಳತೆ

ಗಲ್ಫಿನ ದಮ್ಮಾಮ್ ನಗರದ ಹಳೆಯ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಗಾಜಿಗೆ ಒಳಗಿನಿಂದ ಕಪ್ಪು ಹಾಳೆ ಅಂಟಿಸಿದ ಹೊಲಿಗೆ ಅಂಗಡಿಯೊಂದಿದೆ. ಹೆಂಗಸರು ಮಾತ್ರ ಒಳಹೋಗುವ ಇಂಥ ಅಂಗಡಿಗಳನ್ನು ಅಲ್ಲಿನವರು ಮಶ್ಗಲ್ ಎನ್ನುತ್ತಾರೆ. ಒಡತಿಯ ಹೆಸರು ಯಾರಿಗೂ ಬೇಕಾಗಿಲ್ಲ. ಸಾದ್ ಎಂಬ ಮಗನಿರುವುದರಿಂದ ಆಕೆ ಎಲ್ಲರಿಗೂ ಉಮ್ಮ್ ಸಾದ್, ಸಾದನ ತಾಯಿ. ಈ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಕಿಟಕಿಯಿಲ್ಲದ ಗೋಡೆಗೆ ಬೆನ್ನು ಕೊಟ್ಟು, ಹದಿನಾಲ್ಕು ವರ್ಷಗಳಿಂದ ಕುಳಿತಿರುವವಳು ಉಳ್ಳಾಲದ ಹಲೀಮತ್.

ಹೊಸ ಬಟ್ಟೆಗೆ ಕತ್ತರಿ ಹಾಕುವ ಭಾಗ್ಯ ಹಲೀಮತಳದಲ್ಲ. ಮುಂದಿನ ಕೋಣೆಯಲ್ಲಿ ಲಾಹೋರಿನ ಹೆಂಗಸೊಬ್ಬಳು ಕತ್ತರಿಸಿ ಹೊಲಿದದ್ದನ್ನೋ, ಗಿರಾಕಿಗಳು ದುಬೈಯಿಂದ ತರಿಸಿಕೊಂಡದ್ದನ್ನೋ ಮೈಗೆ ಹೊಂದಿಸಿ ಕೊಡುವುದು ಅವಳ ಕೆಲಸ. ಹೊರಗೆ ಹೋಗುವಾಗ ಮೇಲೆ ತೊಡುವ ಕಪ್ಪು ಅಬಾಯಾ ಉದ್ದವಾದರೆ ಗಿಡ್ಡ ಮಾಡಬೇಕು, ಬಿಗಿಯಾದ ತೋಳನ್ನು ಬಿಡಿಸಬೇಕು, ಮದುವೆಯ ದಿನ ಹೊಲಿಗೆ ಬಿಟ್ಟ ಲಂಗವನ್ನು ಸಭಾಂಗಣದ ಹಿಂದಿನ ಕೋಣೆಯಲ್ಲಿ ಮಂಡಿಯೂರಿ ಕೂತು ಸರಿಪಡಿಸಬೇಕು. ಐವತ್ತೊಂದರ ಪ್ರಾಯ, ಕುಳ್ಳು ದೇಹ, ದಾರದಲ್ಲಿ ಕೊರಳಿಗೆ ಕಟ್ಟಿದ ಕನ್ನಡಕ, ತುಟಿಗಳ ನಡುವೆ ಸದಾ ನಾಲ್ಕು ಗುಂಡುಸೂಜಿ. ಆ ಗುಂಡುಸೂಜಿಗಳ ಸಂದಿನಿಂದಲೇ ಅವಳು ಅರಬ್ಬಿ ಮಾತಾಡುತ್ತಾಳೆ. ಅದರಲ್ಲಿ ವ್ಯಾಕರಣ ಹುಡುಕಿದರೂ ಸಿಗುವುದಿಲ್ಲ. ಆದರೆ ಅರ್ಥವಾಗಲಿಲ್ಲ ಎಂದು ಇಂದಿನವರೆಗೆ ಯಾವ ಗಿರಾಕಿಯೂ ಹೇಳಿಲ್ಲ.

ಒಂದು ಭಾನುವಾರ ಇಳಿಹೊತ್ತಿನ ಅಸರ್ ನಮಾಝಿನ ಬಳಿಕ ಉಮ್ಮ್ ಸಾದ್ ಹಿಂದಿನ ಕೋಣೆಗೆ ಒಬ್ಬ ಹುಡುಗಿಯನ್ನು ಕರೆತಂದಳು. ಹೆಸರು ಅಫ್ರಾ, ವಯಸ್ಸು ಇಪ್ಪತ್ತನಾಲ್ಕು, ಉಮ್ಮ್ ಸಾದಳ ಹಳೆಯ ನೆರೆಮನೆಯವರ ಮಗಳು. ಸರ್ಕಾರದ ಭದ್ರತಾ ವಿಭಾಗಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಗಣ್ಯರ ಮನೆಯ ಹೆಂಗಸರ ಜೊತೆ ಸಾಮಾನ್ಯರ ಉಡುಪಿನಲ್ಲಿ ಓಡಾಡುತ್ತ, ಯಾರಿಗೂ ಗೊತ್ತಾಗದಂತೆ ಅವರನ್ನು ಕಾಯುವ ಹೆಂಗಸರ ತಂಡಕ್ಕೆ ಅವಳನ್ನು ಆರಿಸಿದ್ದರು. ಬಾಗಿಲು ಹಾಕಿಕೊಂಡ ಮೇಲೆ ಅಫ್ರಾ ತನ್ನ ಚೀಲದಿಂದ ಒಂದೊಂದೇ ವಸ್ತುವನ್ನು ಮೇಜಿನ ಮೇಲಿಟ್ಟಳು. ಮೊದಲನೆಯದನ್ನು ಕಂಡದ್ದೇ ಹಲೀಮತ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಅದೊಂದು ನೀಲಿ ಪಿಸ್ತೂಲು.

“ಹೆದರಬೇಡಿ ಖಾಲಾ, ಪ್ಲಾಸ್ಟಿಕ್ಕಿನ ಅಚ್ಚು,” ಎಂದು ಅಫ್ರಾ ಅವಳನ್ನು ಚಿಕ್ಕಮ್ಮನಂತೆ ಕರೆದು ಹೇಳಿದಳು. “ತರಬೇತಿಗೆ ಕೊಡುತ್ತಾರೆ. ತೂಕ ಮಾತ್ರ ನಿಜದ್ದಷ್ಟೇ ಇದೆ.”

ನಿಜದ ಪಿಸ್ತೂಲು ಕಚೇರಿಯ ಕಪಾಟಿನಲ್ಲೇ ಇರುತ್ತದೆ ಎಂದೂ ಅದು ಈ ಅಂಗಡಿಯ ಹೊಸ್ತಿಲು ದಾಟುವುದಿಲ್ಲ ಎಂದೂ ಅವಳು ಬಿಡಿಸಿ ಹೇಳಿದ ನಂತರ ಹಲೀಮತಳ ಕುರ್ಚಿ ಮೇಜಿನತ್ತ ಮರಳಿತು.

ಅಫ್ರಾಳ ಕಷ್ಟ ಪಿಸ್ತೂಲಿನದಲ್ಲ, ಅದನ್ನು ಮೈಮೇಲೆ ಹೊರುವ ಒರೆಯದು. ಇಲಾಖೆ ಕೊಟ್ಟದ್ದು ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಗಂಡಸರ ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಲೆಂದು ಮಾಡಿದ್ದು. ಅದು ಅವಳ ಸೊಂಟದ ಮೂಳೆಯ ಮೇಲೆ ಖರ್ಜೂರದ ಗಾತ್ರದ ನೀಲಿ ಗುರುತು ಮೂಡಿಸಿತ್ತು. ಮೊದಲ ಬಾರಿಗೆ ಆಯುಧ ಹೊರುವವರೆಲ್ಲ ಮಾಡುವಂತೆ ಅವಳೂ ಸಿಕ್ಕಿದ್ದನ್ನೆಲ್ಲ ತರಿಸಿ ನೋಡಿದ್ದಳು. ಎಳೆದರೆ ಹಿಗ್ಗುವ ಬಟ್ಟೆಯ ಪಟ್ಟಿ ಮಧ್ಯಾಹ್ನದೊಳಗೆ ಕೆಳಗೆ ಜಾರುತ್ತಿತ್ತು. ತೊಗಲಿನದು ಪಕ್ಕೆಲುಬಿಗೆ ಒತ್ತುತ್ತಿತ್ತು. ತೊಡೆಗೆ ಕಟ್ಟುವುದನ್ನು ಕಟ್ಟಿಕೊಂಡು ನಡೆದರೆ ಅವಳ ನಡಿಗೆ ಬಾತುಕೋಳಿಯದಾಗುತ್ತಿತ್ತು. ಇವೆಲ್ಲದರ ಫಲವಾಗಿ ಒಂದು ಚಾಳಿಯೂ ಅಂಟಿಕೊಂಡಿತ್ತು. ಬಲಗೈಯನ್ನು ಮೈಯಿಂದ ಅರ್ಧ ಅಡಿ ದೂರ ಹಿಡಿದು ನಡೆಯುವುದು, ಹತ್ತು ಹೆಜ್ಜೆಗೊಮ್ಮೆ ಅದು ಇದ್ದಲ್ಲೇ ಇದೆಯೇ ಎಂದು ಮುಟ್ಟಿ ನೋಡುವುದು. ನಿನ್ನ ಕೈಯೇ ಊರಿಗೆಲ್ಲ ಸುದ್ದಿ ಹೇಳುತ್ತಿದೆ ಎಂದು ತರಬೇತಿಯವರು ಎಲ್ಲರೆದುರು ಗದರಿದ್ದರಂತೆ.

ಹದಿನಾರು ದಿನಗಳ ನಂತರ ಪರೀಕ್ಷೆಯಿತ್ತು. ಒಂದು ಇಡೀ ದಿನ ಆಯುಧ ಧರಿಸಿ ಜನರ ನಡುವೆ ಇರಬೇಕು. ಪರೀಕ್ಷಕರಿಗೆ ಅದರ ಸುಳಿವು ಸಿಕ್ಕಿದರೆ ಅಥವಾ ಬೇಕಾದಾಗ ಅದು ಸರಾಗವಾಗಿ ಕೈಗೆ ಬಾರದಿದ್ದರೆ ಅಲ್ಲಿಗೆ ಮುಗಿಯಿತು. ಕಚೇರಿಯ ಬಾಗಿಲಲ್ಲಿ ಹೆಂಗಸರ ಚೀಲಗಳನ್ನು ಯಂತ್ರದೊಳಗೆ ತಳ್ಳುವ ಮೇಜಿಗೆ ವಾಪಸ್ಸು ಹೋಗಬೇಕು. ಆ ಮೇಜಿನಿಂದ ಯಾರೂ ಎದ್ದು ಬಂದ ನೆನಪು ತನಗಿಲ್ಲ ಎಂದು ಅಫ್ರಾ ಹೇಳುವಾಗ ಅವಳ ಧ್ವನಿ ತಗ್ಗಿತು.

ಹಲೀಮತ್ ಮೇಜಿನ ಮೇಲಿದ್ದ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ಒಳಹೊರಗು ಮಾಡಿ ನೋಡಿದಳು. ಯಾವ ಬಟ್ಟೆಯನ್ನೂ ಅವಳು ಹೊರಗಿನಿಂದ ನೋಡಿದವಳಲ್ಲ. ಹೊಲಿಗೆ, ಅಂಚು, ಮೈಗೆ ತಾಗುವ ಬದಿಯ ಒರಟು, ಭಾರ ಜಗ್ಗುವ ಮೂಲೆ, ಎಲ್ಲವನ್ನೂ ಹೆಬ್ಬೆರಳಿನಿಂದ ತೀಡಿ ನೋಡಿ ಕೊನೆಗೆ ತುಟಿಯಿಂದ ಗುಂಡುಸೂಜಿ ತೆಗೆದಳು.

“ಇದನ್ನು ಮಾಡಿದವನು ಹೆಂಗಸನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಾನೆ,” ಎಂದಳು. “ನಾನು ಮಾಡಿ ಕೊಡ್ತೇನೆ ಬಿಂತಿ, ಮಗಳೇ.”

ಲಾಹೋರಿನವಳನ್ನು ಕರೆಸುವುದೋ ಹೇಗೆ ಎಂದು ಉಮ್ಮ್ ಸಾದ್ ಕೇಳಿದಳು. ಹೊಸತನ್ನು ಮಾಡುವುದು ಮುಂದಿನ ಕೋಣೆಯ ಕೆಲಸವೆಂಬುದು ಆ ಅಂಗಡಿಯ ನಿಯಮ. ಹಲೀಮತ್ ಬೇಡವೆಂದಳು. ಹದಿನಾಲ್ಕು ವರ್ಷಗಳಲ್ಲಿ ಅವಳು ಆ ಅಂಗಡಿಯಲ್ಲಿ ಬೇಡ ಎಂದದ್ದು ಅದೇ ಮೊದಲು.

ಅವಳ ಗಂಡ ಅಬ್ದುಲ್ ಜಲೀಲ್ ಕೈಗಾರಿಕಾ ಪ್ರದೇಶದಲ್ಲಿ ಕಾರುಗಳ ಸೀಟಿಗೆ ಹೊದಿಕೆ ಹೊಲಿಯುವವನು. ಒಂದೇ ಮನೆಯಲ್ಲಿ ಇಬ್ಬರು ದರ್ಜಿಗಳು ಎಂದು ಪರಿಚಯದವರು ತಮಾಷೆ ಮಾಡುತ್ತಿದ್ದರು. ವಿಷಯ ಕೇಳಿ ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು.

“ನಿನಗೆ ಎಂತ ಮರ್ಲಾ ಹಲೀಮತ್? ಬಂದೂಕಿನ ಕೆಲಸ ಅಂತೆ. ನಾಳೆ ಇಲ್ಲಿ ಇರ್ಲಿಕ್ಕೆ ಕೊಟ್ಟ ಇಕಾಮಾ ಕ್ಯಾನ್ಸಲ್ ಮಾಡಿ ವಿಮಾನ ಹತ್ತಿಸಿದ್ರೆ ಊರಲ್ಲಿ ಎಂತ ಹೇಳ್ಲಿಕ್ಕುಂಟು?”

“ಬಂದೂಕಿನದ್ದಲ್ಲ. ಬಂದೂಕಿಗೊಂದು ಲಂಗ. ಲಂಗ ಹೊಲಿದವರನ್ನು ಗಡೀಪಾರು ಮಾಡಿದ್ದು ಎಲ್ಲಿಯಾದ್ರೂ ಉಂಟಾ?”

ಜಲೀಲ್ ನಗಲಿಲ್ಲ. ಮರುದಿನ ಅಫ್ರಾ ತನ್ನ ಮೇಲಧಿಕಾರಿಯ ಮೊಹರಿದ್ದ ಅನುಮತಿ ಪತ್ರವನ್ನು ಉಮ್ಮ್ ಸಾದಳ ಕೈಗೆ ಕೊಟ್ಟಳು. ಅದರ ಚಿತ್ರ ಜಲೀಲನ ಮೊಬೈಲಿಗೆ ಹೋಯಿತು. ಅವನು ಅದನ್ನು ವರ್ಕ್‌ಶಾಪಿನ ಯಮನಿ ಮೇಸ್ತ್ರಿಯಿಂದ ಒಮ್ಮೆ, ಮಸೀದಿಯ ಬಳಿಯ ಟೈಪಿಂಗ್ ಅಂಗಡಿಯವನಿಂದ ಮತ್ತೊಮ್ಮೆ ಓದಿಸಿಕೊಂಡ. ಸಂಜೆ ಮನೆಗೆ ಬರುವಾಗ ಕಾರಿನ ಸೀಟ್ ಬೆಲ್ಟಿನ ಹೊಸ ಪಟ್ಟಿಯ ಸುರುಳಿಯೊಂದು ಅವನ ಕಂಕುಳಲ್ಲಿತ್ತು. ಇದು ಹಿಗ್ಗುವುದಿಲ್ಲ, ಹರಿಯುವುದೂ ಇಲ್ಲ ಎಂದಷ್ಟೇ ಹೇಳಿ ಅದನ್ನು ಯಂತ್ರದ ಪಕ್ಕದಲ್ಲಿಟ್ಟು ಕೈಕಾಲು ತೊಳೆಯಲು ಹೋದ.

ಅಫ್ರಾ ಹಾಕಿದ ನಿಬಂಧನೆಗಳು ಸ್ಪಷ್ಟವಾಗಿದ್ದವು. ಗಟ್ಟಿ ಚಿಪ್ಪನ್ನು ಬದಲಿಸಕೂಡದು, ಏಕೆಂದರೆ ಕುದುರೆಯನ್ನು, ಎಂದರೆ ಬೆರಳಿಟ್ಟು ಎಳೆಯುವ ಕೀಲನ್ನು, ಪೂರ್ತಿ ಮುಚ್ಚಿ ಕಾಪಾಡುವುದು ಅದೇ. ಒರೆಯ ಬಾಯಿ ತೆರೆದೇ ಇರಬೇಕು. ಒಂದೇ ಕೈಯಲ್ಲಿ ತೆಗೆದು ಒಂದೇ ಕೈಯಲ್ಲಿ ಮರಳಿ ಇಡಲು ಬರಬೇಕು. ತಲೆಕೆಳಗಾದರೂ ಬೀಳಬಾರದು. ಇಷ್ಟನ್ನು ಉಳಿಸಿಕೊಂಡು ಅದನ್ನು ಹೊರುವ ಬಗೆಯನ್ನು ಮಾತ್ರ ಹಲೀಮತ್ ಹೊಸದಾಗಿ ಕಂಡುಹಿಡಿಯಬೇಕಿತ್ತು.

ಮೆತ್ತಗಿದ್ದರೆ ಸುಖ ಎಂಬ ನಂಬಿಕೆಯಿಂದ ಅವಳು ಶುರುಮಾಡಿದಳು. ಸೀಟ್ ಬೆಲ್ಟಿನ ಪಟ್ಟಿಯನ್ನು ಸೊಂಟದ ಅಳತೆಗೆ ಕತ್ತರಿಸಿ, ಅದರ ಒಳಬದಿಗೆ ಕಾರಿನ ಸೀಟಿನ ಸ್ಪಂಜನ್ನು ಎರಡು ಬೆರಳು ದಪ್ಪಕ್ಕೆ ಇಟ್ಟು, ಮೇಲೆ ಹತ್ತಿಬಟ್ಟೆ ಹೊದಿಸಿದಳು. ಅಬಾಯಾದ ಬಲಬದಿಯ ಹೊಲಿಗೆಯಲ್ಲಿ ಜೇಬಿನ ಬಾಯಿ ಬಿಟ್ಟು ಜೇಬಿನ ಚೀಲವನ್ನೇ ತೆಗೆದುಬಿಟ್ಟಳು. ನೋಡುವವರಿಗೆ ಜೇಬು, ಕೈ ಹಾಕಿದರೆ ನೇರವಾಗಿ ಸೊಂಟದ ಒರೆಗೆ ದಾರಿ. ಅಫ್ರಾ ಕನ್ನಡಿಯ ಮುಂದೆ ನಿಂತು, ಮೂಳೆಗೆ ಒಂಚೂರೂ ನೋವಿಲ್ಲ ಎಂದು ಹಲೀಮತಳ ಹಣೆಗೆ ಮುತ್ತಿಟ್ಟು ಹೋದಳು.

ಆದರೆ ಹಲೀಮತ್ ತಾನು ಧರಿಸಿ ನೋಡದ ಹೊಂದಿಕೆಯನ್ನು ನಂಬುವವಳಲ್ಲ. ಅಂಥದೇ ಇನ್ನೊಂದು ಪಟ್ಟಿಯನ್ನು ತನ್ನ ಸೊಂಟಕ್ಕೂ ಹೊಲಿದುಕೊಂಡಳು. ನೀಲಿ ಅಚ್ಚು ಅಫ್ರಾಳ ಜೊತೆ ಹೋಗಿತ್ತು. ಅದರ ಬದಲಿಗೆ ತನ್ನ ಕಬ್ಬಿಣದ ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಬಲಸೊಂಟಕ್ಕೆ ಸಿಕ್ಕಿಸಿಕೊಂಡಳು. ತೂಕ ಹೆಚ್ಚುಕಡಿಮೆ ಅಷ್ಟೇ. ಅದನ್ನು ಹೊತ್ತೇ ಅಕ್ಕಿ ತೊಳೆದಳು, ಮೀನು ಹೆಚ್ಚಿದಳು, ಮೂರು ಮಹಡಿ ಮೆಟ್ಟಿಲು ಹತ್ತಿಳಿದಳು. ಸ್ಪಂಜಿನ ದಪ್ಪಕ್ಕೆ ಕತ್ತರಿಯ ತಲೆ ಹೊರಕ್ಕೆ ವಾಲಿ ಬಟ್ಟೆಯ ಮೇಲೆ ಉಬ್ಬು ಎದ್ದದ್ದು ಮೊದಲು ಜಲೀಲನ ಕಣ್ಣಿಗೆ ಬಿತ್ತು. ನಿನ್ನ ಸೊಂಟದಲ್ಲಿ ಒಂದು ಹಲಸಿನ ಗುಜ್ಜೆ ಉಂಟಲ್ಲ ಎಂದು ಅವನು ಬಾಗಿಲಲ್ಲೇ ನಿಂತು ಹೇಳಿದ. ಸಂಜೆ ಮಗ್ರಿಬ್ ನಮಾಝಿಗೆ ನಿಂತಾಗ ಅದನ್ನು ಬಿಚ್ಚಲು ಮರೆತಿದ್ದಳು. ನಿಂತಾಗ ಏನೂ ಅನಿಸಲಿಲ್ಲ. ಹಣೆಯನ್ನು ನೆಲಕ್ಕಿಟ್ಟ ಸುಜೂದಿನಿಂದ ಎದ್ದು ಕಾಲು ಮಡಚಿ ಕೂತಾಗ ಪಟ್ಟಿಯ ಮೇಲಂಚು ಪಕ್ಕೆಗೆ ಇರಿಯಿತು.

ಸಲಾಮ್ ಹೇಳಿ ನಮಾಝು ಮುಗಿಸಿದ ಅವಳು ಚಾಪೆಯ ಮೇಲೆಯೇ ಕೂತು ತನ್ನ ತಪ್ಪನ್ನು ನೋಡಿದಳು. ಮಶ್ಗಲಿನಲ್ಲಿ ಅಳತೆಯೆಂದರೆ ನಿಂತ ಅಳತೆ. ಅಬಾಯಾ ಹೆಗಲಿನಿಂದ ನೆಲಕ್ಕೆ ಇಳಿಯುವ ಬಟ್ಟೆ. ಸೊಂಟದ ಗೊಡವೆ ಅದಕ್ಕಿಲ್ಲ, ಕೂತರೂ ನಿಂತರೂ ಒಂದೇ. ಆ ಅಭ್ಯಾಸದ ಕೈಯಲ್ಲಿ ಅವಳು ಅಫ್ರಾಳನ್ನೂ ಕನ್ನಡಿಯೆದುರು ನಿಲ್ಲಿಸಿ ಟೇಪು ಹಿಡಿದಿದ್ದಳು. ಆದರೆ ಅಫ್ರಾ ದಿನದ ಬಹುಪಾಲನ್ನು ಕಳೆಯುವುದು ಕಾರಿನೊಳಗೆ, ಸೋಫಾದ ಮೇಲೆ, ಜಮಖಾನದ ಮೇಲೆ ಕೂತು. ಕೂತಾಗ ಹೆಂಗಸಿನ ಸೊಂಟ ಅಗಲವಾಗುತ್ತದೆ, ಪಕ್ಕೆಲುಬು ನಾಲ್ಕು ಬೆರಳು ಕೆಳಗಿಳಿಯುತ್ತದೆ.

ಮರುದಿನ ಅಫ್ರಾಳನ್ನು ಕರೆಸಿ ನೆಲದ ಮೇಲೆ ಕೂರಿಸಿ ಹೊಸದಾಗಿ ಅಳತೆ ತೆಗೆದಳು. ಸ್ಪಂಜನ್ನು ಕಿತ್ತುಹಾಕಿದಳು. ಮೆತ್ತಗಿರುವುದರಲ್ಲಿ ಸುಖವಿಲ್ಲ, ಭಾರ ಒಂದೇ ಕಡೆ ಕೂರದೆ ಅಗಲಕ್ಕೆ ಹಂಚಿಹೋಗುವುದರಲ್ಲಿ ಸುಖವಿದೆ ಎಂದು ಅವಳ ಕತ್ತರಿ ಅವಳಿಗೆ ಕಲಿಸಿತ್ತು. ಪಟ್ಟಿಯನ್ನು ಅಗಲ ಮಾಡಿ, ಗಟ್ಟಿ ಮಾಡಿ, ಅಂಚುಗಳನ್ನು ಮಗುವಿನ ಅಂಗಿಯ ಅಂಚಿನಂತೆ ಒಳಕ್ಕೆ ಮಡಿಸಿ ಹೊಲಿದಳು. ಅಫ್ರಾ ಅದನ್ನು ಧರಿಸಿ ಪಕ್ಕದ ಊರಾದ ಖತೀಫಿನವರೆಗೆ ಕಾರು ಓಡಿಸಿ ವಾಪಸ್ಸು ಬಂದು, ದಾರಿಯಲ್ಲಿ ಎರಡು ಬಾರಿ ಮಾತ್ರ ಮುಟ್ಟಿ ನೋಡಿದೆ ಎಂದಳು. ಪರೀಕ್ಷೆಗೆ ಇನ್ನೂ ಆರು ದಿನಗಳಿದ್ದವು. ಹಲೀಮತ್ ಅಂದು ಜಲೀಲನಿಗೆ ಆತನ ಇಷ್ಟದ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ಬಡಿಸಿದಳು.

ಮರುದಿನ ಪರೀಕ್ಷೆಯ ವೇಳಾಪಟ್ಟಿ ಬಂತು. ಅಫ್ರಾ ಅಂಗಡಿಗೆ ಬಂದವಳು ಬಾಗಿಲಲ್ಲೇ ನಿಂತಿದ್ದಳು.

“ಬೆಳಿಗ್ಗೆ ಮಾಲ್‌ನಲ್ಲಿ, ಖಾಲಾ. ಮಧ್ಯಾಹ್ನದಿಂದ ಹೆಂಗಸರ ಸಭಾಂಗಣದಲ್ಲಿ, ಒಂದು ನಿಶ್ಚಿತಾರ್ಥದ ಔತಣದಲ್ಲಿ. ಅತಿಥಿಗಳ ನಡುವೆ ಅತಿಥಿಯಾಗಿ.”

ಹಲೀಮತಳ ಕೈಯಲ್ಲಿದ್ದ ಟೇಪು ನೆಲಕ್ಕೆ ಜಾರಿತು. ಹೆಂಗಸರ ಸಭಾಂಗಣದ ಬಾಗಿಲು ದಾಟಿದೊಡನೆ ಎಲ್ಲರೂ ಅಬಾಯಾ ಕಳಚುತ್ತಾರೆ. ಬಾಗಿಲಲ್ಲೇ ಅದನ್ನು ಮಡಚಿಟ್ಟುಕೊಂಡು ಚೀಟಿ ಕೊಡುವವರು ಇರುತ್ತಾರೆ. ಒಳಗೆ ಗಂಡಸರಿಲ್ಲದ ಮೇಲೆ ಕಪ್ಪು ಹೊದಿಕೆ ಯಾರಿಗೆ ಬೇಕು? ಇದನ್ನು ಹಲೀಮತ್ ಬಲ್ಲಷ್ಟು ಆ ಊರಲ್ಲಿ ಬಲ್ಲವರು ಕಡಿಮೆ. ಅಂಥ ಸಭಾಂಗಣಗಳ ಹಿಂದಿನ ಕೋಣೆಯಲ್ಲಿ ಅವಳು ನೂರಾರು ಲಂಗಗಳಿಗೆ ಹೊಲಿಗೆ ಹಾಕಿದ್ದಳು. ಆದರೂ ಹತ್ತು ದಿನ ಅವಳು ಕೆಲಸ ಮಾಡಿದ್ದು ಅಬಾಯಾದ ಮೇಲೆ. ಹದಿನಾಲ್ಕು ವರ್ಷ ಅಬಾಯಾ ತಿದ್ದಿದ ಕೈ, ಯಾರೂ ಹೇಳದೆಯೇ ಅದರ ಹೊಲಿಗೆಯನ್ನೇ ಹುಡುಕಿಕೊಂಡು ಹೋಗಿತ್ತು. ಹೊಸಬಳಾದ ಅಫ್ರಾಳಿಗೆ ನೋವಿನ ಹೊರತು ಬೇರೇನೂ ತೋಚಿರಲಿಲ್ಲ, ತನಗೆ ತೋಚಬೇಕಿತ್ತು. ಯಾವ ಬಟ್ಟೆಯ ಕೆಳಗೆ ಎಂದು ಮೊದಲ ದಿನವೇ ಕೇಳದೆ ಯಾವ ದರ್ಜಿ ಅಳತೆಗೆ ಕೈ ಹಾಕುತ್ತಾಳೆ?

ತಪ್ಪು ತನ್ನದೆಂದು ಅವಳು ಇಬ್ಬರೆದುರೂ ಒಪ್ಪಿಕೊಂಡಳು. ಉಮ್ಮ್ ಸಾದ್ ಕುರ್ಚಿಯಲ್ಲಿ ಕುಸಿದು, ತೊಡೆಯ ಪಟ್ಟಿಯನ್ನೇ ಹೇಗಾದರೂ ಸರಿಮಾಡಬಹುದೇ ಎಂದು ಕೇಳಿದಳು. ಔತಣದಲ್ಲಿ ತೊಡುವುದು ಜಲಾಬಿಯಾ, ಹೆಗಲಿನಿಂದ ಪಾದದವರೆಗೆ ಇಳಿಯುವ ಕಸೂತಿಯ ನಿಲುವಂಗಿ. ಅದು ಸಡಿಲ ನಿಜ, ಆದರೆ ತೆಳು. ಅದಕ್ಕಿಂತ ದೊಡ್ಡ ಅಪಾಯ ಬೇರೆಯದಿತ್ತು. ಆ ಔತಣಗಳಲ್ಲಿ ಒಬ್ಬಳು ಇನ್ನೊಬ್ಬಳನ್ನು ಕಂಡರೆ ದೂರದಿಂದ ಕೈಬೀಸಿ ಸುಮ್ಮನಾಗುವುದಿಲ್ಲ. ತಬ್ಬಿಕೊಳ್ಳುತ್ತಾಳೆ, ಕೆನ್ನೆಗೆ ಮುತ್ತಿಡುತ್ತಾಳೆ, ಸೊಂಟಕ್ಕೆ ಕೈಹಾಕಿ ಪಕ್ಕಕ್ಕೆ ಕೂರಿಸಿಕೊಂಡು ಮನೆಯವರೆಲ್ಲರ ಯೋಗಕ್ಷೇಮ ವಿಚಾರಿಸುತ್ತಾಳೆ. ಬಲಸೊಂಟದ ಆ ಜಾಗ ಊರವರ ಕೈಗಳಿಗೆಲ್ಲ ಹೆದ್ದಾರಿ.

ಹಲೀಮತ್ ಅಂದು ಕೆಲಸ ಮಾಡಲಿಲ್ಲ. ಗೋಡೆಗೆ ಒರಗಿ ಕೂತು ಅಫ್ರಾಳ ಹೊಟ್ಟೆಯನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳಿಗೆ ತನ್ನ ತಾಯಿಯ ಕೈಗಳು ನೆನಪಾದವು.

ತಾಯಿ ರುಕಯ್ಯಾ ಉಳ್ಳಾಲದ ಸುತ್ತಮುತ್ತ ಬಾಣಂತಿಯರಿಗೆ ಹೊಟ್ಟೆ ಕಟ್ಟುತ್ತಿದ್ದವರು. ಹೆರಿಗೆಯಾದ ಮನೆಗೆ ನಲವತ್ತು ದಿನ ಬೆಳಿಗ್ಗೆ ಹೋಗುವುದು, ಎಣ್ಣೆ ಹಚ್ಚಿ ಮೀಯಿಸಿ, ಉದ್ದನೆಯ ಹಳೆಯ ಹತ್ತಿಬಟ್ಟೆಯನ್ನು ಸೊಂಟದಿಂದ ಮೇಲಕ್ಕೆ ಸುತ್ತುವುದು. ಬಟ್ಟೆಯ ತುದಿ ಹಿಡಿದುಕೊಳ್ಳುವ ಕೆಲಸ ಏಳು ವರ್ಷದ ಹಲೀಮತಳದು. ಕೆಳಗಿನಿಂದ ಶುರುಮಾಡಬೇಕು, ಒಂದು ಸುತ್ತು ಇನ್ನೊಂದರ ಅರ್ಧವನ್ನು ಮುಚ್ಚಬೇಕು, ಬಾಣಂತಿ ಉಸಿರು ಬಿಟ್ಟಾಗ ಮಾತ್ರ ಎಳೆಯಬೇಕು, ಗಂಟು ಬೆನ್ನಿಗೆ ಬರಬಾರದು. ಕಟ್ಟಿ ಮುಗಿದ ಮೇಲೆ ರುಕಯ್ಯಾ ಬಾಣಂತಿಯನ್ನು ಕುಕ್ಕರಗಾಲಲ್ಲಿ ಕೂರಿಸುತ್ತಿದ್ದರು, ಬಾಗಿ ಮಗುವನ್ನು ಎತ್ತಿಕೊಳ್ಳಲು ಹೇಳುತ್ತಿದ್ದರು. ಬಟ್ಟೆ ಒಂದು ಬೆರಳು ಸರಿದರೂ ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ. ಆ ಕಟ್ಟು ಕಟ್ಟಿಸಿಕೊಂಡು ಹೆಂಗಸರು ಇಡೀ ದಿನ ಉಣ್ಣುತ್ತಿದ್ದರು, ಮಲಗುತ್ತಿದ್ದರು, ಮಗುವಿಗೆ ಹಾಲು ಕೊಡುತ್ತಿದ್ದರು. ಬಿಗಿಯಾಗಿದೆ ಎಂದು ಯಾರೂ ದೂರಿದ್ದನ್ನು ಹಲೀಮತ್ ಕೇಳಿರಲಿಲ್ಲ. ಬಿಚ್ಚಿದ ದಿನವೇ ಅವರಿಗೆ ಮೈ ಖಾಲಿ ಖಾಲಿ ಅನಿಸುತ್ತಿತ್ತಂತೆ.

ಬೆಲ್ಟು ಎಂಬ ಆಲೋಚನೆಯನ್ನೇ ಹಲೀಮತ್ ಕೈಬಿಟ್ಟಳು. ಒಂಬತ್ತು ಅಂಗುಲ ಅಗಲದ ಕಟ್ಟನ್ನು ಹೊಲಿದಳು: ಮೈಗೆ ತಾಗುವಲ್ಲಿ ಹಲವು ಬಾರಿ ತೊಳೆದು ಮೆತ್ತಗಾದ ಹತ್ತಿಬಟ್ಟೆ, ಅದರ ಕೆಳಗಂಚಿನುದ್ದಕ್ಕೂ ಚಿಪ್ಪಿನ ಭಾರ ಹೊರುವ ಸೀಟ್ ಬೆಲ್ಟಿನ ಪಟ್ಟಿ, ಎಡಬದಿಗೆ ಎರಡು ಸಾಲು ಕೊಕ್ಕೆ. ಚಿಪ್ಪಿಗೆ ಹೊಸ ಜಾಗವನ್ನೂ ಹುಡುಕಿದಳು. ತಬ್ಬಿಕೊಳ್ಳುವ ಕೈ ಹೆಗಲಿಗೆ ಬರುತ್ತದೆ, ಬೆನ್ನಿಗೆ ಬರುತ್ತದೆ, ಸೊಂಟದ ಪಕ್ಕಕ್ಕೆ ಬರುತ್ತದೆ. ಹೊಕ್ಕುಳ ಕೆಳಗೆ ಬಲಮುಂಭಾಗಕ್ಕೆ ಬರುವುದಿಲ್ಲ. ತಬ್ಬುವಾಗ ಅಲ್ಲಿ ಎರಡು ಮೈಗಳ ನಡುವೆ ಒಂದು ಗೇಣು ಗಾಳಿ ಉಳಿಯುತ್ತದೆ. ಕೂತಾಗ ತೊಡೆ ಮಡಿಸುವ ಗೆರೆಗಿಂತ ಮೇಲೆ, ಬಾಗಿದಾಗ ಪಕ್ಕೆಲುಬಿಗಿಂತ ಕೆಳಗೆ, ಆ ಎರಡರ ನಡುವಿನ ಅಂಗೈಯಗಲದ ತಾಣವನ್ನು ಅವಳು ಅಫ್ರಾಳನ್ನು ಕೂರಿಸಿ, ಏಳಿಸಿ, ಬಾಗಿಸಿ, ಸೀಮೆಸುಣ್ಣದಿಂದ ಗುರುತಿಸಿದಳು. ಜಲಾಬಿಯಾದ ಮುಂಭಾಗದ ಕಸೂತಿಯ ಸಾಲಿನ ಕೆಳಗೆ ಗುಟ್ಟಾದ ಸೀಳು ಬಿಟ್ಟು, ಸ್ಕಾರ್ಫಿಗೆ ಪಿನ್ನಿನ ಬದಲು ಹಾಕುವ ಪುಟ್ಟ ಅಯಸ್ಕಾಂತಗಳನ್ನು ಅದರ ಅಂಚಿನೊಳಗೆ ಹೊಲಿದಳು. ಎಳೆದರೆ ಬಿಡುತ್ತದೆ, ಬಿಟ್ಟರೆ ತಾನಾಗಿ ಕೂಡುತ್ತದೆ.

ಕಟ್ಟುವುದನ್ನು ಅಫ್ರಾಳೇ ಕಲಿಯಬೇಕಿತ್ತು. ಮೊದಲ ದಿನ ಅವಳು ಉಸಿರು ತುಂಬಿಕೊಂಡು ಎಳೆದಳು; ಅರ್ಧ ಗಂಟೆಯೊಳಗೆ ಎಲ್ಲ ಸಡಿಲವಾಗಿ ಜಾರಿತು. ಹಲೀಮತ್ ಬಿಚ್ಚಿಸಿದಳು. ಎರಡನೆಯ ಸಲವೂ ಬಿಚ್ಚಿಸಿದಳು. ಏಳನೆಯ ಸಲಕ್ಕೆ ಅಫ್ರಾಳ ಕಣ್ಣಲ್ಲಿ ನೀರಾಡಿತು.

“ತರಬೇತಿ ಮೈದಾನದಲ್ಲೂ ಇಷ್ಟು ಬೈಸಿಕೊಂಡಿಲ್ಲ ಖಾಲಾ.”

“ಅಲ್ಲಿ ಪಿಸ್ತೂಲು ಹಿಡಿಯಲಿಕ್ಕೆ ಕಲಿಸಿದ್ರು. ಹೊರಲಿಕ್ಕೆ ಯಾರೂ ಕಲಿಸ್ಲಿಲ್ಲ. ಉಸಿರು ಬಿಡು, ಆಮೇಲೆ ಎಳಿ.”

ಪರೀಕ್ಷೆಗೆ ಎರಡು ದಿನವಿರುವಾಗ ಅಂಗಡಿಯಲ್ಲೇ ಒಂದು ತಾಲೀಮು ನಡೆಯಿತು. ಅಫ್ರಾ ನೀಲಿ ಅಚ್ಚನ್ನು ಚಿಪ್ಪಿನೊಳಗಿಟ್ಟು, ಕಟ್ಟಿಕೊಂಡು, ಜಲಾಬಿಯಾ ತೊಟ್ಟು ಹೊರಬಂದಳು. ಉಮ್ಮ್ ಸಾದಳಿಗೆ ಒರೆಯ ಹೊಸ ಜಾಗವನ್ನು ಯಾರೂ ಹೇಳಿರಲಿಲ್ಲ. ಎರಡು ಅಫ್ರಾಗಳಷ್ಟು ಅಗಲವಿರುವ ಆಕೆ ಔತಣದಲ್ಲಿ ತಬ್ಬುವಂತೆಯೇ ತಬ್ಬಿ, ಎಡಬಲ ಕೆನ್ನೆಗೆ ಮುತ್ತಿಟ್ಟು, ಬಲಸೊಂಟಕ್ಕೆ ಕೈ ಹಾಕಿದಳು. ಏನೂ ಸಿಗಲಿಲ್ಲ. ಎಡಕ್ಕೆ ಹಾಕಿದಳು, ಬೆನ್ನು ತಡವಿದಳು. ಸಂಶಯದಿಂದ ಮತ್ತೊಮ್ಮೆ ತಬ್ಬಿದಳು. ಐದನೆಯ ಸಲ ತಬ್ಬಿದಾಗ ಲಾಹೋರಿನವಳು ಕತ್ತರಿ ಕೆಳಗಿಟ್ಟು ನಗತೊಡಗಿದಳು.

“ಹಲೀಮಾ, ಈ ಹುಡುಗಿ ಬರಿಗೈಯಲ್ಲಿದ್ದಾಳೆ. ನನ್ನ ಜೊತೆ ಆಟವಾಡುತ್ತಿದ್ದೀಯಾ?” ಎಂದಳು ಉಮ್ಮ್ ಸಾದ್.

ಅಫ್ರಾಳ ಬಲಗೈ ಕಸೂತಿಯ ಸಾಲಿನತ್ತ ಹೋಗಿ ಅಷ್ಟೇ ಬೇಗ ಹೊರಬಂತು, ನೀಲಿ ಅಚ್ಚಿನೊಂದಿಗೆ. ಅದನ್ನು ಮರಳಿ ಒಳಗಿಡುವಾಗಲೂ ಅವಳು ಕೆಳಗೆ ನೋಡಲಿಲ್ಲ. ಎಲ್ಲರೂ ನಕ್ಕರು. ಹಲೀಮತ್ ಮಾತ್ರ ಬೇರೊಂದನ್ನು ಗಮನಿಸಿದ್ದಳು. ಅಷ್ಟು ಹೊತ್ತೂ, ಐದು ಅಪ್ಪುಗೆಗಳ ನಡುವೆಯೂ, ಅಫ್ರಾಳ ಕೈ ಒರೆಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಅವಳ ಬಲತೋಳು ಮೈಗೆ ಒರಗಿ ಸುಮ್ಮನೆ ತೂಗುತ್ತಿತ್ತು.

ಪರೀಕ್ಷೆ ಮಂಗಳವಾರ. ಅಂದು ಹಲೀಮತ್ ಒಂದು ಅಬಾಯಾಕ್ಕೆ ಎಡತೋಳನ್ನು ಬಲಕ್ಕೆ ಹೊಲಿದು, ಬಿಚ್ಚಿ, ಮತ್ತೆ ಬಲಕ್ಕೇ ಹೊಲಿದಳು. ಜಲೀಲ್ ಮೂರು ಬಾರಿ ಫೋನ್ ಮಾಡಿದ. ಒಮ್ಮೆ ಮೀನು ತರುವುದೇ ಎಂದು, ಇನ್ನೊಮ್ಮೆ ಯಾವ ಮೀನು ಎಂದು, ಮೂರನೆಯ ಬಾರಿಗೆ ಸುಳ್ಳಿನ ಕಾರಣ ಸಿಗದೆ, ಹುಡುಗಿಯದ್ದು ಎಂತ ಆಯ್ತು ಎಂದೇ ಕೇಳಿದ. ಅಂದು ಸುದ್ದಿ ಬರಲಿಲ್ಲ, ಬುಧವಾರವೂ ಬರಲಿಲ್ಲ. ಕಟ್ಟು ಸಡಿಲವಾಗಿ, ಆ ಹುಡುಗಿ ತುಂಬಿದ ಸಭೆಯಲ್ಲಿ ಸೊಂಟ ಹಿಡಿದುಕೊಂಡು ಓಡುತ್ತಿರುವ ಚಿತ್ರ ಅವಳ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಗುರುವಾರ ಅಸರ್ ನಮಾಝಿನ ನಂತರ ಅಫ್ರಾ ಬಂದಳು. ಜೊತೆಗೆ ನಲವತ್ತರ ಆಸುಪಾಸಿನ, ಎತ್ತರದ ಹೆಂಗಸೊಬ್ಬರಿದ್ದರು. ಕೋಣೆಗೆ ಬಂದೊಡನೆ ಗೋಡೆ, ಬಾಗಿಲು, ಜನ ಎಲ್ಲವನ್ನೂ ಒಂದೇ ನೋಟದಲ್ಲಿ ಅಳೆದ ಕಣ್ಣುಗಳು. ತಂಡದ ಮುಖ್ಯಸ್ಥೆ, ಕ್ಯಾಪ್ಟನ್ ಎಂದು ಅಫ್ರಾ ಪರಿಚಯಿಸಿದಳು. ಆಮೇಲೆ ಮುಖ್ಯಸ್ಥೆಯ ಎದುರೇ ಹಲೀಮತಳ ಎರಡೂ ಕೈಗಳನ್ನು ಹಿಡಿದುಕೊಂಡು, ತಾನು ತೇರ್ಗಡೆಯಾದೆನೆಂದು ಹೇಳಿದಳು.

ನಡೆದದ್ದನ್ನು ಅವಳು ಒಂದೇ ಉಸಿರಿನಲ್ಲಿ ವಿವರಿಸಿದಳು. ಏಳು ಗಂಟೆ ಅವಳು ಅದನ್ನು ಧರಿಸಿದ್ದಳು. ಔತಣದಲ್ಲಿ ಅತಿಥಿಗಳ ನಡುವೆ ಮೂವರು ಪರೀಕ್ಷಕಿಯರೂ ಇದ್ದರು. ಮೂವರೂ ಅವಳನ್ನು ತಬ್ಬಿದ್ದರು, ಒಬ್ಬರಂತೂ ಎರಡೆರಡು ಬಾರಿ. ಅವಳು ನೆಲದ ಮೇಲೆ ಕೂತು ಮಾಂಸ ಬೆರೆಸಿದ ಅನ್ನ ಕಬ್ಸಾ ಉಂಡಿದ್ದಳು, ಅಪರಿಚಿತರ ಮಗುವನ್ನು ಎತ್ತಿ ಆಡಿಸಿದ್ದಳು. ಆಯುಧ ಎಲ್ಲಿದೆ ಎಂದು ಪರೀಕ್ಷಕಿಯರು ಕೊನೆಗೆ ಬೇರೆಬೇರೆ ಚೀಟಿಯಲ್ಲಿ ಬರೆಯಬೇಕಿತ್ತು. ಒಬ್ಬರು ಎಡತೊಡೆ ಎಂದರು, ಇನ್ನೊಬ್ಬರು ಬೆನ್ನು ಎಂದರು. ಮೂರನೆಯವರು, ಈ ಅಭ್ಯರ್ಥಿ ಇಂದು ಆಯುಧ ಧರಿಸಿ ಬಂದಿಲ್ಲ, ಶಿಸ್ತುಕ್ರಮ ಜರುಗಿಸಬೇಕು ಎಂದು ಬರೆದಿದ್ದರು. ಮರುದಿನ ಮೈದಾನದಲ್ಲಿ ನಿಜದ ಪಿಸ್ತೂಲನ್ನು ಅದೇ ಒರೆಯಿಂದ ತೆಗೆದು ಗುರಿಯಿಡುವ ಪರೀಕ್ಷೆಯಲ್ಲೂ ಅವಳು ಉತ್ತೀರ್ಣಳಾಗಿದ್ದಳು.

“ಮೂರನೆಯ ಚೀಟಿ ಬರೆದವಳು ನಾನು,” ಎಂದರು ಕ್ಯಾಪ್ಟನ್. ಅವರ ಮುಖದಲ್ಲಿ ನಗುವಿರಲಿಲ್ಲ, ಕಣ್ಣಲ್ಲಿತ್ತು. ಅವರು ಹಲೀಮತಳತ್ತ ತಿರುಗಿ, ಈ ಅಂಗಡಿಯಲ್ಲಿ ನಿಮ್ಮ ಕೆಲಸ ಏನು ಎಂದು ಕೇಳಿದರು.

ಆಲ್ಟರೇಷನ್ ಎಂದು ಹೇಳಲು ಹಲೀಮತ್ ಬಾಯಿ ತೆರೆಯುವ ಮೊದಲೇ ಉಮ್ಮ್ ಸಾದ್ ಉತ್ತರ ಕೊಟ್ಟಾಗಿತ್ತು. “ಹೊಸದನ್ನು ಮಾಡುವವಳು. ಇಲ್ಲಿ ಯಾರೂ ಮಾಡದ್ದನ್ನು.”

ಕ್ಯಾಪ್ಟನ್ ಕೈಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ತಂಡದಲ್ಲಿ ಇನ್ನೂ ಆರು ಮಂದಿ. ಎಲ್ಲರ ಸೊಂಟದ ಸುತ್ತಳತೆ ಅದರಲ್ಲಿದೆ, ಇಂಥವೇ ಆರು ಬೇಕು ಎಂದರು. ಆಜ್ಞೆ ಕೊಟ್ಟು ರೂಢಿಯಾದ ಧ್ವನಿ ಅದು. ಆ ಧ್ವನಿಗೆ ಉಮ್ಮ್ ಸಾದ್ ಆಗಲೇ ತಲೆಯಾಡಿಸುತ್ತಿದ್ದಳು.

ಹಲೀಮತ್ ಕನ್ನಡಕ ಏರಿಸಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಅದನ್ನು ನೀಟಾಗಿ ಮಡಚಿ ಕ್ಯಾ‍ಪ್ಟನ್‌ರ ಕೈಗೇ ಮರಳಿಸಿದಳು.

“ಇದು ನಿಂತ ಅಳತೆ. ಇದರಿಂದ ನಾನು ಮಾಡುವುದಿಲ್ಲ,” ಎಂದಳು. “ಒಬ್ಬೊಬ್ಬರೇ ಇಲ್ಲಿಗೆ ಬರಬೇಕು. ಈ ನೆಲದ ಮೇಲೆ ಕೂರಬೇಕು. ಕಟ್ಟಿಕೊಳ್ಳಲಿಕ್ಕೆ ಕಲಿತ ಮೇಲೆ ಮಾತ್ರ ಮನೆಗೆ ಕೊಂಡುಹೋಗಲಿಕ್ಕೆ ಕೊಡ್ತೇನೆ. ಕಲಿಯದವರಿಗೆ ಇಲ್ಲ.”

ಉಮ್ಮ್ ಸಾದ್ ಗೋಡೆ ನೋಡತೊಡಗಿದಳು. ಅಫ್ರಾ ತುಟಿ ಕಚ್ಚಿಕೊಂಡಳು. ಹಲೀಮತಳಿಗೆ ತನ್ನ ಧ್ವನಿ ತನ್ನದಲ್ಲವೆನಿಸಿತು. ಆದರೂ ಅದನ್ನು ಹಿಂದಕ್ಕೆ ಕರೆಯುವ ಮನಸ್ಸಾಗಲಿಲ್ಲ.

“ನಾನೂ ಕೂರಬೇಕೆ?” ಎಂದರು ಕ್ಯಾಪ್ಟನ್.

“ನೀವೂ.”

ಕ್ಯಾಪ್ಟನ್ ಕೈಚೀಲವನ್ನು ಅಫ್ರಾಳಿಗೆ ಕೊಟ್ಟು, ಅಬಾಯಾ ಕಳಚಿ, ಗುಂಡುಸೂಜಿಗಳೂ ದಾರದ ತುಂಡುಗಳೂ ಚೆಲ್ಲಿದ್ದ ಆ ನೆಲದ ಮೇಲೆ ಕಾಲು ಮಡಚಿ ಕೂತು ಎರಡೂ ತೋಳುಗಳನ್ನು ಮೇಲೆತ್ತಿದರು. ಹಲೀಮತ್ ಅವರ ಎದುರು ಮಂಡಿಯೂರಿ ಟೇಪನ್ನು ಸೊಂಟದ ಸುತ್ತ ತಂದಳು.

“ಉಸಿರು ಬಿಡಿ,” ಎಂದಳು.

ಕ್ಯಾಪ್ಟನ್ ಉಸಿರು ಬಿಟ್ಟರು.